ವಿರಾಜಪೇಟೆಯ ಕರಾಟೆ-ಜುಡೋ ಕ್ಲಾಸ್: ಗಟ್ಟಿ ಹೊಡೆತವೂ ಇದೆ, ಮೆದು ಪಟ್ಟೂ ಇದೆ

ವಿರಾಜಪೇಟೆಯ ಗಡಿಯಾರ ಕಂಬದಿಂದ ನಡೆದುಕೊಂಡು ಹೋಗುವಷ್ಟು ಹತ್ತಿರದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಈ ಕ್ಲಾಸ್ ನಡೆಯುತ್ತದೆ. ಹೊರಗೆ ಬೋರ್ಡ್ ಇಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಸಾಲು ಕಂಡರೆ ಕ್ಲಾಸ್ ಇದೆ ಅಂತ ಲೆಕ್ಕ. ಸೋಮವಾರ, ಬುಧವಾರ ಸಂಜೆ ಗೋಜು-ರ್‍ಯು ಕರಾಟೆ. ಶನಿವಾರ ಜುಡೋ. ಎರಡನ್ನೂ ಹೇಳಿಕೊಡುವುದು ಒಬ್ಬರೇ ಮಾಸ್ಟರ್. ತಿಂಗಳಿಗೆ 800 ರೂಪಾಯಿ, ಶನಿವಾರಕ್ಕೆ ಬೇರೆ ದುಡ್ಡಿಲ್ಲ.

ನಾನು ಪೇಟೆಯಲ್ಲೇ ಒಂದು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು ನಲವತ್ತು ದಾಟಿದೆ. ಮಗಳು ಹೈಸ್ಕೂಲ್. ಇಬ್ಬರೂ ಇದೇ ಕ್ಲಾಸಿಗೆ ಹೋಗುತ್ತೇವೆ. ಅಂಗಡಿಗೆ ಬರುವ ಅಮ್ಮಂದಿರು ಕೌಂಟರ್ ಮುಂದೆ ನಿಂತು ಕೇಳುವುದು ಒಂದೇ ಪ್ರಶ್ನೆ: 'ಕರಾಟೆಗೆ ಹಾಕುವುದಾ, ಜುಡೋಗೆ ಹಾಕುವುದಾ? ಹುಡುಗಿಗೆ ಯಾವುದು ಒಳ್ಳೆಯದು?' ಹೊಡೆಯುವುದು ಗಂಡುಮಕ್ಕಳಿಗೆ, ತಪ್ಪಿಸಿಕೊಳ್ಳುವುದು ಹೆಣ್ಣುಮಕ್ಕಳಿಗೆ ಅನ್ನುವ ಲೆಕ್ಕ ಆ ಪ್ರಶ್ನೆಯೊಳಗೇ ಇರುತ್ತದೆ. ಕೌಂಟರ್‌ನಲ್ಲಿ ನಿಂತು ಅಷ್ಟೆಲ್ಲ ವಿವರಿಸಲು ಆಗುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದು ಒಳ್ಳೆಯ ಕ್ಲಾಸ್. ಗಟ್ಟಿಯಾಗಿ ಎದುರಿಸುವುದು ಯಾವಾಗ, ಮೆತ್ತಗೆ ಜಾರಿಕೊಳ್ಳುವುದು ಯಾವಾಗ, ಒಂದರಿಂದ ಇನ್ನೊಂದಕ್ಕೆ ಬದಲಾಗುವುದು ಹೇಗೆ ಎಂದು ಇಲ್ಲಿ ಒಂದೇ ಮೈಗೆ ಕಲಿಸುತ್ತಾರೆ. ನಾನು ನೋಡಿದ ಬೇರೆ ಕಡೆ ಇದು ಸಿಗಲಿಲ್ಲ.

ಮೊದಲು ಗಟ್ಟಿ ಭಾಗ. ಗೋಜು-ರ್‍ಯು ಓಕಿನಾವಾ ದ್ವೀಪದ ಕರಾಟೆ. ಅದನ್ನು ಕಟ್ಟಿದವರು ಚೋಜುನ್ ಮಿಯಾಗಿ, 1888ರಿಂದ 1953ರವರೆಗೆ ಬದುಕಿದ್ದವರು. ಅವರ ಗುರು ಕಾನ್‌ರ್‍ಯೋ ಹಿಗಾವೊನ್ನಾ ಚೀನಾದ ಫುಝೌಗೆ ಹೋಗಿ ಕಲಿತು ಬಂದವರು. ನಮ್ಮ ಊರುಗಳಲ್ಲಿ ಜಾಸ್ತಿ ಕಾಣುವ ಇನ್ನೊಂದು ಕರಾಟೆ ಶೈಲಿ ಶೋಟೋಕಾನ್‌ನಲ್ಲಿ ಕಾಲು ಅಗಲಿಸಿ, ತಗ್ಗಿ ನಿಂತು, ದೂರದಿಂದ ನೇರ ನುಗ್ಗುತ್ತಾರೆ. ಗೋಜುನಲ್ಲಿ ನಿಲುವು ಚಿಕ್ಕದು, ಎದುರಾಳಿ ಹತ್ತಿರ ಇರುತ್ತಾನೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಹೊಸಬರಿಗೆ ಇಲ್ಲಿ ಮೊದಲು ಕಲಿಸುವ ಕಟಾ, ಅಂದರೆ ಕ್ರಮ ಹಾಕಿದ ಚಲನೆಗಳ ಸರಣಿ, ಸಾಂಚಿನ್. ನೋಡುವವರಿಗೆ ಇದರಲ್ಲಿ ಏನೂ ಕಾಣಿಸುವುದಿಲ್ಲ. ಪಾದ ಸ್ವಲ್ಪ ಒಳಗೆ ತಿರುಗಿಸಿ, ಮಂಡಿ ಸಡಿಲಿಸಿ, ಸೊಂಟದ ಕೆಳಭಾಗವನ್ನು ಮುಂದಕ್ಕೆ ಎಳೆದುಕೊಂಡು, ಮೊಣಕೈಯನ್ನು ಪಕ್ಕೆಲುಬಿನ ಹತ್ತಿರ ಇಟ್ಟು ನಿಧಾನಕ್ಕೆ ಹೆಜ್ಜೆ ಹಾಕಬೇಕು. ಉಸಿರು ಎಲ್ಲರಿಗೂ ಕೇಳಿಸಬೇಕು. ಮೈಯೆಲ್ಲ ಬಿಗಿ. ಮಾಸ್ಟರ್ ಸುತ್ತ ಬಂದು ಭುಜದ ಮೇಲೆ ಎರಡು ಅಂಗೈಯಲ್ಲಿ ಬಾರಿಸುತ್ತಾರೆ, ತೊಡೆ ಒತ್ತಿ ನೋಡುತ್ತಾರೆ, ಹಿಂದಿನಿಂದ ಸೊಂಟ ತಳ್ಳುತ್ತಾರೆ. ಹೆಂಗಸರಿಗೆ ಈ ಪರೀಕ್ಷೆ ಮಾಡುವುದು ಸೀನಿಯರ್ ಹುಡುಗಿಯರು. ಕೇಳುವ ಮೊದಲೇ ಇದ್ದ ಏರ್ಪಾಡು ಇದು, ನನಗೆ ತುಂಬಾ ಇಷ್ಟವಾಯಿತು.

ಭುಜದ ಮೇಲೆ ಏಟು ಬಿದ್ದಾಗ ಗೊತ್ತಾಗುತ್ತದೆ, ನಾವು ಬಿಗಿ ಹಿಡಿದಿರುವುದು ತಪ್ಪು ಜಾಗದಲ್ಲಿ ಅಂತ. ಕುತ್ತಿಗೆ ಬಿಗಿದಿರುತ್ತದೆ, ಹೊಟ್ಟೆ ಸಡಿಲ ಇರುತ್ತದೆ. ಬೇಕಾಗಿದ್ದು ಅದರ ಉಲ್ಟಾ. ಕಂಕುಳ ಕೆಳಗಿನ ಸ್ನಾಯು, ಹೊಟ್ಟೆ, ತೊಡೆ ಗಟ್ಟಿ ಇರಬೇಕು. ಕುತ್ತಿಗೆ, ದವಡೆ ಸಡಿಲ ಇರಬೇಕು.

ಗುದ್ದುವುದೂ ಹಾಗೆಯೇ. ಮೊದಲಿನಿಂದ ಕೊನೆತನಕ ಕೈ ಬಿಗಿ ಹಿಡಿದುಕೊಂಡರೆ ಗುದ್ದಿಗೆ ವೇಗವೇ ಬರುವುದಿಲ್ಲ. ಒದ್ದೆ ಟವೆಲ್ ಕೊಡವಿದ ಹಾಗೆ ಸಡಿಲವಾಗಿ ಹೊರಟು, ತಾಗುವ ಕ್ಷಣದಲ್ಲಿ ಮಾತ್ರ ಮುಷ್ಟಿ, ಮಣಿಕಟ್ಟು, ಸೊಂಟ ಎಲ್ಲ ಒಟ್ಟಿಗೆ ಬಿಗಿಯಾಗಬೇಕು. ಹಾಲ್‌ನ ಮೂಲೆಯಲ್ಲಿ ಸಿಲ್ವರ್ ಓಕ್ ಮರದ ಹಲಗೆ ನಿಲ್ಲಿಸಿ, ಮೇಲಿನ ತುದಿಗೆ ಹಗ್ಗ ಸುತ್ತಿದ್ದಾರೆ. ಮಕಿವಾರಾ ಅದು. ಅದಕ್ಕೆ ಗುದ್ದಿದರೆ ತಕ್ಷಣ ಉತ್ತರ ಸಿಗುತ್ತದೆ. ಮಣಿಕಟ್ಟು ಸ್ವಲ್ಪ ಬಾಗಿದ್ದರೂ ನೋವು ಮೊಣಕೈವರೆಗೆ ಬರುತ್ತದೆ, ಸರಿ ಇದ್ದರೆ ಹಲಗೆ ಹಿಂದಕ್ಕೆ ಬಾಗುತ್ತದೆ. ತೋರುಬೆರಳು, ನಡುಬೆರಳಿನ ಗೆಣ್ಣು ಮಾತ್ರ ತಾಗಬೇಕು. ಕಿರುಬೆರಳ ಕಡೆ ತಾಗಿದರೆ ಅಂಗೈ ಮೂಳೆ ಮುರಿಯುವ ಅಪಾಯ ಇದೆ. ಸಿಟ್ಟಿನಲ್ಲಿ ಗೋಡೆಗೋ ಯಾರದೋ ತಲೆಗೋ ಗುದ್ದಿ ಕೈ ಊದಿಸಿಕೊಂಡು ನಮ್ಮ ಅಂಗಡಿಗೆ ಬರುವ ಹುಡುಗರ ನೋವು ಯಾವಾಗಲೂ ಆ ಕಡೆಯೇ.

ಅದಕ್ಕೇ ಇಲ್ಲಿ ಒಂದು ನಿಯಮ ಹೇಳಿಕೊಡುತ್ತಾರೆ. ಗಟ್ಟಿ ಜಾಗಕ್ಕೆ ಮೆದು ಆಯುಧ, ಮೆದು ಜಾಗಕ್ಕೆ ಗಟ್ಟಿ ಆಯುಧ. ಗಲ್ಲ (ಗದ್ದ), ಹಣೆ ಗಟ್ಟಿ ಮೂಳೆ, ಅಲ್ಲಿಗೆ ಅಂಗೈ ಬುಡ. ಹೊಟ್ಟೆ, ಪಕ್ಕೆ ಮೆದು, ಅಲ್ಲಿಗೆ ಮುಷ್ಟಿ. ಮಗಳಿಗೆ ಇದನ್ನು ಕಲಿಸಿದ್ದಕ್ಕೇ ತಿಂಗಳ ಫೀಸ್ ವಸೂಲಾಯಿತು ಅನ್ನಿಸಿತು ನನಗೆ.

ಸಾಂಚಿನ್ ಒಂದು ಹಂತಕ್ಕೆ ಬಂದ ಮೇಲೆ ತೆನ್ಶೋ ಹೇಳಿಕೊಡುತ್ತಾರೆ. ಇದು ಮಿಯಾಗಿ ಅವರೇ ಹೆಣೆದ ಕಟಾ. ಕಾಲಿನ ನಿಲುವು ಸಾಂಚಿನ್‌ನದೇ, ಅಷ್ಟೇ ಗಟ್ಟಿ. ಆದರೆ ಕೈ ಪೂರಾ ಬೇರೆ. ಮುಷ್ಟಿ ಬಿಚ್ಚಿ, ಮಣಿಕಟ್ಟನ್ನು ಮೇಲೆ, ಕೆಳಗೆ, ಒಳಗೆ, ಹೊರಗೆ ತಿರುಗಿಸುತ್ತಾ ಹೋಗಬೇಕು. ಬರುವ ಕೈಯನ್ನು ತಡೆದು ನಿಲ್ಲಿಸುವ ಬದಲು ಅದಕ್ಕೆ ಅಂಟಿಕೊಂಡು ಪಕ್ಕಕ್ಕೆ ಒಯ್ಯುವ ಚಲನೆ ಅದು. ಕೆಳಗೆ ಬಿಗಿ, ಮೇಲೆ ಸಡಿಲ, ಎರಡೂ ಒಂದೇ ಉಸಿರಲ್ಲಿ. 'ಕರಾಟೆ ಅಂದ್ರೆ ಗಟ್ಟಿ, ಜುಡೋ ಅಂದ್ರೆ ಮೆದು' ಎಂದು ಪಾಲು ಮಾಡುವವರು ತೆನ್ಶೋವನ್ನು ಒಂದು ಸಲ ಹತ್ತಿರದಿಂದ ನೋಡಬೇಕು.

ಇನ್ನು ಶನಿವಾರ. ಮ್ಯಾಟ್ ಹಾಸುವುದರಿಂದ ಶುರು, ದೊಡ್ಡವರು ಚಿಕ್ಕವರು ಎಲ್ಲರೂ ಸೇರಿ ಹಾಸಬೇಕು. ಆಮೇಲೆ ಬೀಳುವುದು. ಜುಡೋಗೆ ಸೇರಿದವರಿಗೆ ಮೊದಲ ವಾರಗಳಲ್ಲಿ ಉಕೆಮಿ, ಅಂದರೆ ಗಾಯವಾಗದ ಹಾಗೆ ಬೀಳುವುದು, ಬಿಟ್ಟರೆ ಬೇರೇನೂ ಇಲ್ಲ. ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು, ಉಸಿರು ಬಿಡಬೇಕು, ಬೆನ್ನು ದುಂಡಗೆ ಇರಬೇಕು, ಇಡೀ ತೋಳಿನಿಂದ ನೆಲಕ್ಕೆ ಬಾರಿಸಬೇಕು. ಕೈಯನ್ನು ಹಿಂದಕ್ಕೆ ಊರಬಾರದು. ಕೊಡಗಿನ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಹಿತ್ತಲ ಮೆಟ್ಟಿಲು, ತೋಟದ ಇಳಿಜಾರು, ಎಲ್ಲೆಲ್ಲಿ ಜಾರುತ್ತೇವೆ ಹೇಳಿ? ಜಾರಿದ ಕೂಡಲೇ ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವವರೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಂಗಡಿಯಲ್ಲಿ ಕ್ರೇಪ್ ಬ್ಯಾಂಡೇಜ್ ಹೋಗುವ ರೀತಿ ನೋಡಿದರೆ, ಈ ಒಂದು ಪಾಠವನ್ನು ಎಲ್ಲ ಶಾಲೆಯಲ್ಲೂ ಹೇಳಿಕೊಡಬೇಕು ಅನ್ನಿಸುತ್ತದೆ.

ಜುಡೋ ಶುರುವಾದದ್ದು 1882ರಲ್ಲಿ, ಟೋಕಿಯೋದ ಎಯ್ಶೋಜಿ ದೇವಸ್ಥಾನದ 12 ಚಾಪೆಯಷ್ಟು ಜಾಗದಲ್ಲಿ. ಕಟ್ಟಿದವರು ಜಿಗೊರೊ ಕಾನೊ. ಗಿಡ್ಡ ಆಳು, ಶಾಲೆಯಲ್ಲಿ ದೊಡ್ಡ ಹುಡುಗರಿಂದ ಪೆಟ್ಟು ತಿಂದು ಜಪಾನಿನ ಬರಿಗೈ ಕಾಳಗದ ಕಲೆ ಜುಜುತ್ಸು ಕಲಿಯಲು ಹೋದವರು. ಹಳೆಯ ಜುಜುತ್ಸುವಿನ ಪಟ್ಟುಗಳಲ್ಲಿ ಅಪಾಯದವನ್ನು ಅಭ್ಯಾಸದ ಕುಸ್ತಿಯಿಂದ ಬದಿಗಿಟ್ಟು, ಉಳಿದವನ್ನು ಪೂರ್ತಿ ಶಕ್ತಿ ಹಾಕಿ ಮಾಡುವ ಹಾಗೆ ಮಾಡಿದರು. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಜುಡೋ ಸೇರಿತು. ಕರಾಟೆಗೆ ಆ ಜಾಗ ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ.

ಜುಡೋದ ಜೀವ ಇರುವುದು ಕುಝುಶಿಯಲ್ಲಿ, ಅಂದರೆ ಎದುರಾಳಿಯ ಸಮತೋಲ ಕೆಡಿಸುವುದರಲ್ಲಿ. ಇದನ್ನು ಈ ಮಾಸ್ಟರ್ ಹೇಳಿಕೊಡುವ ರೀತಿ ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಬ್ಯಾಚ್‌ನಲ್ಲಿ ಒಬ್ಬರು ಮರದ ವ್ಯಾಪಾರ ಮಾಡುವವರು ಇದ್ದಾರೆ. ನನ್ನ ತೂಕದ ಒಂದೂವರೆಯಷ್ಟು ಇದ್ದಾರೆ. ಅವರ ಮೇಲೆ ಓಸೋಟೋಗಾರಿ ಮಾಡು ಅಂದರು. ಎದುರಿನವರ ಬಲಗಾಲನ್ನು ಹಿಂದಿನಿಂದ ನಮ್ಮ ಬಲಗಾಲಲ್ಲಿ ಪೈರು ಕೊಯ್ದ ಹಾಗೆ ಬೀಸಿ ಬೀಳಿಸುವ ಪಟ್ಟು ಅದು. ಕಾಲು ಎಷ್ಟು ಬೀಸಿದರೂ ಅವರು ಅಲುಗಲಿಲ್ಲ. ಮಾಸ್ಟರ್ ನನ್ನ ಕಾಲನ್ನು ಮುಟ್ಟಲಿಲ್ಲ, ಕೈಯನ್ನು ಸರಿಪಡಿಸಿದರು. ಎಡಗೈಯಲ್ಲಿ ಅವರ ತೋಳಿನ ಬಟ್ಟೆ ಹಿಡಿದು ನನ್ನ ಸೊಂಟದ ಕಡೆಗೆ ಎಳೆಯಬೇಕು. ಬಲಗೈಯಲ್ಲಿ ಕಾಲರ್ ಹಿಡಿದು ಅವರ ಬಲ ಹಿಮ್ಮಡಿಯ ಕಡೆಗೆ ಒತ್ತಬೇಕು. ಎದೆಗೆ ಎದೆ ಹತ್ತಿರ ಬರಬೇಕು. ಅವರ ಭಾರವೆಲ್ಲ ಆ ಒಂದು ಹಿಮ್ಮಡಿಗೆ ಇಳಿದಾಗ ಮಾತ್ರ ಕಾಲು ಬೀಸಬೇಕು. ಆ ಕ್ಷಣ ಸಿಕ್ಕಾಗ ಶಕ್ತಿಯೇ ಬೇಕಾಗಲಿಲ್ಲ, ಅವರ ಕಾಲು ತಾನಾಗಿ ಎದ್ದು ಬಂತು. ಬಿದ್ದ ಸದ್ದಿಗೆ ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು ಮೇಲೆ ನೋಡಿದರಂತೆ.

ಮೆದು ಅಂದರೆ ನೋವಿಲ್ಲ ಅಂದುಕೊಂಡವರಿಗೆ ಈ ಮಾತು. ಒಂದೂವರೆ ಪಟ್ಟು ತೂಕದ ಆಳು ಬೆನ್ನ ಮೇಲೆ ನೆಲಕ್ಕೆ ಬಿದ್ದರೆ ಅದಕ್ಕಿಂತ ಗಟ್ಟಿ ಹೊಡೆತ ಯಾವುದಿದೆ? ಜುಡೋದಲ್ಲಿ ಪೂರ್ತಿ ಅಂಕ ಕೊಡುವುದೇ ಎದುರಾಳಿಯನ್ನು ವೇಗವಾಗಿ, ಬಲವಾಗಿ, ಹಿಡಿತ ತಪ್ಪದೆ ಬೆನ್ನ ಮೇಲೆ ಕೆಡವಿದಾಗ. ದಾರಿ ಮೆದು, ಕೊನೆ ಗಟ್ಟಿ.

ಮಣಿಕಟ್ಟು ಬಿಡಿಸಿಕೊಳ್ಳುವುದನ್ನೂ ಹೀಗೆಯೇ ಕಲಿಸುತ್ತಾರೆ. ಯಾರಾದರೂ ಕೈ ಹಿಡಿದರೆ ನಾವು ಮಾಡುವ ಮೊದಲ ಕೆಲಸ ಹಿಂದಕ್ಕೆ ಎಳೆಯುವುದು, ಅಲ್ವಾ? ಬಲ ಇರುವವನ ಎದುರು ಅದು ನಡೆಯುವುದಿಲ್ಲ. ಹಿಡಿತದಲ್ಲಿ ಸಡಿಲ ಇರುವುದು ಹೆಬ್ಬೆರಳು ಮತ್ತು ಬೆರಳ ತುದಿ ಸೇರುವ ಜಾಗ ಮಾತ್ರ. ನಮ್ಮ ಮಣಿಕಟ್ಟಿನ ತೆಳ್ಳನೆಯ ಅಂಚನ್ನು ಆ ಸಂದಿಗೆ ತಿರುಗಿಸಿ, ಮೊಣಕೈಯನ್ನು ಅವನ ಕಡೆಗೇ ಮುಂದಕ್ಕೆ ತಂದರೆ ಕೈ ಕಳಚಿ ಬರುತ್ತದೆ. ಅವನು ತನ್ನ ಕಡೆಗೆ ಜೋರಾಗಿ ಎಳೆಯುತ್ತಿದ್ದರೆ ಎಳೆತಕ್ಕೆ ಎದುರು ನಿಲ್ಲಬೇಡಿ, ಅವನು ಎಳೆದ ಕಡೆಗೇ ಒಂದು ಹೆಜ್ಜೆ ಒಳಗೆ ಹೋಗಿ. ಅದೇ ಹೆಜ್ಜೆಯಲ್ಲಿ ಇನ್ನೊಂದು ಕೈಯ ಅಂಗೈ ಬುಡ ಗಲ್ಲಕ್ಕೆ. ಅರ್ಧ ಮೆದು, ಅರ್ಧ ಗಟ್ಟಿ, ನಡುವೆ ಬಿಡುವಿಲ್ಲ. ಆಮೇಲೆ ಓಡಿ ಎಂದೂ ಹೇಳುತ್ತಾರೆ. ನಿಂತು ಹೋರಾಡಿ ಎಂದು ಯಾವತ್ತೂ ಹೇಳಿಲ್ಲ.

ಈ ಅಭ್ಯಾಸ ಮಾಡುವಾಗ ಮಾಸ್ಟರ್ ಹಿಡಿದವರಿಗೆ ಹೇಳುವುದು ಒಂದೇ: 'ಸುಮ್ನೆ ಬಿಟ್ಟುಕೊಡಬೇಡಿ.' ಕ್ಲಾಸಿನ ಬೆಲೆ ಇರುವುದು ಈ ಮಾತಿನಲ್ಲಿ. ಮೈಸೂರಿನಲ್ಲಿ ಐಕಿಡೋ ಎಂಬ ಇನ್ನೊಂದು ಜಪಾನಿ ಕಲೆಯ ಶಿಬಿರಕ್ಕೆ ನಾನು ಹೋಗಿದ್ದೆ. ಮಣಿಕಟ್ಟು ತಿರುಗಿಸುವ ಮೊದಲೇ ಎದುರಿನವರು ತಾವಾಗಿ ಉರುಳುತ್ತಿದ್ದರು. ಇನ್ನೂ ಗಟ್ಟಿ ಹಿಡಿಯಿರಿ ಅಂದರೆ ಅಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. ಇದು ಐಕಿಡೋದ ತಪ್ಪಲ್ಲ. ಮೊರಿಹೇ ಉಯೆಶಿಬಾ ಕಟ್ಟಿದ ಆ ಕಲೆಯಲ್ಲಿ ಒಳಗೆ ನುಗ್ಗುವ ಹೆಜ್ಜೆ, ತಿರುಗಿ ಪಕ್ಕಕ್ಕೆ ಬರುವ ಹೆಜ್ಜೆ ಎರಡೂ ಬಹಳ ಚೆನ್ನಾಗಿವೆ. ನಮ್ಮ ಮಾಸ್ಟರ್ ಕೂಡ ಮಣಿಕಟ್ಟಿನ ಕೆಲವು ಪಟ್ಟುಗಳನ್ನು ಅಲ್ಲಿಂದಲೇ ತರುತ್ತಾರೆ. ಆದರೆ ಎದುರಿನವರು ಬಿಗಿ ಹಿಡಿಯದಿದ್ದರೆ ಮೆದು ಪಟ್ಟು ಸರಿಯಾಯಿತೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಇನ್ನೊಂದು ಕಡೆ ಟೇಕ್ವಾಂಡೋ ಕ್ಲಾಸ್ ನೋಡಿದ್ದೆ. ಒದೆತ ಅದ್ಭುತ, ಆದರೆ ಯಾರಾದರೂ ಬಟ್ಟೆ ಹಿಡಿದರೆ ಮುಂದೇನು ಎಂದು ಕೇಳಿದ್ದಕ್ಕೆ ಉತ್ತರ ಇರಲಿಲ್ಲ.

ಗಡಿಯ ಮಾಕುಟ್ಟ ದಾಟಿದರೆ ಕೇರಳದ ಕಣ್ಣೂರು ಜಿಲ್ಲೆ, ಕಳರಿ ಸಮರಕಲೆಯ ನಾಡು. ದೊಡ್ಡವರ ಬ್ಯಾಚನ್ನು ಮಾಸ್ಟರ್ ಅಲ್ಲಿಯ ಒಂದು ಕಳರಿಗೆ, ಅಂದರೆ ಗರಡಿಗೆ, ಕರೆದುಕೊಂಡು ಹೋಗಿದ್ದರು. ನೆಲ ತೋಡಿ ಮಾಡಿದ ಅಂಕಣ, 42 ಅಡಿ ಉದ್ದ, 21 ಅಡಿ ಅಗಲ. ಅವರ ಕ್ರಮ ನೋಡಿ ನನಗೆ ಬಹಳ ಖುಷಿಯಾಯಿತು. ಮೊದಲು ಮೈ ಪಳಗಿಸುವ ಮೇಯ್‌ತಾರಿ, ಆಮೇಲೆ ಕೋಲು, ಆಮೇಲೆ ಕತ್ತಿ-ಗುರಾಣಿಯಂಥ ಲೋಹದ ಆಯುಧ, ಕೊನೆಗೆ ಬರಿಗೈ. ಕರಾಟೆಯಲ್ಲಿ ನಾವು ಬರಿಗೈಯಿಂದ ಶುರು ಮಾಡುತ್ತೇವೆ, ಅಲ್ಲಿ ಅದು ಕಟ್ಟಕಡೆಯ ಪಾಠ. ಎಣ್ಣೆ ಹಚ್ಚಿ ಮೈಯನ್ನು ಬಳುಕುವಂತೆ ಮಾಡಿಕೊಂಡ ಮೇಲೇ ಕೋಲಿನ ಪೆಟ್ಟಿಗೆ ಬರುತ್ತಾರೆ. ಅಲ್ಲಿಂದ ವಾಪಸ್ ಬಂದ ಮೇಲೆ ನಮ್ಮ ಸ್ಟ್ರೆಚಿಂಗ್ ಸಮಯವನ್ನು ಮಾಸ್ಟರ್ ಹೆಚ್ಚು ಮಾಡಿದರು, ಮಂಡಿ ನೋವಿದ್ದ ನನ್ನಂಥವರಿಗೆ ಅದರಿಂದ ನಿಜವಾಗಿ ಉಪಕಾರವಾಯಿತು.

ನಮ್ಮಲ್ಲೂ ಇದೆಯಲ್ಲ, ಪರಿಯಕಳಿ. ಸುಗ್ಗಿ ಹಬ್ಬ ಪುತ್ತರಿಯ ಸಮಯದಲ್ಲಿ ಊರ ಬಯಲಾದ ಮಂದ್‌ನಲ್ಲಿ ನೋಡಿರುತ್ತೀರಿ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ, ಪೆಟ್ಟು ಮೊಣಕಾಲ ಕೆಳಗೆ ಮಾತ್ರ. ಕರಾಟೆ ಕಲಿತ ಮೇಲೆ ಅದನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಮೊದಲು ಬೆತ್ತವನ್ನೇ ನೋಡುತ್ತಿದ್ದೆ, ಈಗ ಕಾಲು ನೋಡುತ್ತೇನೆ. ಪೆಟ್ಟು ಬರುವ ಹೊತ್ತಿಗೆ ಕಾಲಿನ ಭಾರ ತೆಗೆದು ಹಿಂದೆ ಸರಿಸುವವರು ಒಂದು ರೀತಿ. ಕಾಲು ಊರಿ ಪೆಟ್ಟು ತಿಂದು ಅದೇ ಕ್ಷಣಕ್ಕೆ ತಿರುಗಿ ಹೊಡೆಯುವವರು ಇನ್ನೊಂದು ರೀತಿ. ಎರಡೂ ಬಲ್ಲವರ ಆಟ ನೋಡುವುದಕ್ಕೇ ಚೆಂದ.

ಕುಂದುಗಳೂ ಇವೆ, ಮುಚ್ಚಿಡುವುದಿಲ್ಲ. ಮ್ಯಾಟ್‌ಗಳು ಹಳೆಯವು. ಜೋಡಣೆಯ ಸಂದಿಯಲ್ಲಿ ಬಿಟ್ಟುಕೊಳ್ಳುತ್ತವೆ, ಕಾಲ್ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಮಗಳ ಹೆಬ್ಬೆರಳು ಹಾಗೆಯೇ ಉಳುಕಿತು. ಹೇಳಿದ ಮೇಲೆ ಟೇಪ್ ಹಾಕಿದರು, ಟೇಪ್ ಎರಡು ವಾರ ನಿಲ್ಲುತ್ತದೆ ಅಷ್ಟೆ. ಎಸೆಯುವ ಪಟ್ಟು ಕಲಿಸುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ, ಫೀಸ್ ಐವತ್ತು ರೂಪಾಯಿ ಹೆಚ್ಚಿಸಿಯಾದರೂ ಹೊಸ ಮ್ಯಾಟ್ ತರಬೇಕು. ಹೆಂಗಸರಿಗೆ ಬಟ್ಟೆ ಬದಲಿಸಲು ಬೇರೆ ಕೋಣೆ ಇಲ್ಲ, ಪರದೆ ಕಟ್ಟಿದ ಮೂಲೆ ಇದೆ. ಶನಿವಾರ ಮಕ್ಕಳು, ದೊಡ್ಡವರು ಒಟ್ಟಿಗೆ ಇರುವುದರಿಂದ ಜಾಗ ಸಾಲುವುದಿಲ್ಲ. ಏಳು ಗಂಟೆಗೆ ಬಿಡುವ ಕ್ಲಾಸ್ ಎಷ್ಟೋ ಸಲ ಏಳೂವರೆ ಆಗುತ್ತದೆ, ಹಳ್ಳಿ ಕಡೆ ಬಸ್ ಹಿಡಿಯುವವರಿಗೆ ಕಷ್ಟ.

ನನ್ನ ಇನ್ನೊಂದು ತಕರಾರು ಕಲಿಕೆಯ ಬಗ್ಗೆ. ಹೊಡೆತ ಮತ್ತು ಹಿಡಿತ ಎರಡೂ ಸೇರಿದ ಮುಕ್ತ ಅಭ್ಯಾಸವನ್ನು ಬ್ರೌನ್ ಬೆಲ್ಟ್‌ವರೆಗೆ ತಡೆದಿಡುತ್ತಾರೆ. ಅದಕ್ಕೂ ಮೊದಲು ಬುಧವಾರ ಗುದ್ದುವುದು ಬೇರೆ, ಶನಿವಾರ ಎಸೆಯುವುದು ಬೇರೆ. ಗಾಯ ಆಗದಿರಲಿ ಎಂಬುದು ಮಾಸ್ಟರ್ ಕಾಳಜಿ, ಅದು ನನಗೆ ಅರ್ಥವಾಗುತ್ತದೆ. ಆದರೂ ನಿಧಾನ ವೇಗದಲ್ಲಿ, ಗ್ಲೌಸ್ ಹಾಕಿಸಿ, ಹಸಿರು ಬೆಲ್ಟ್‌ನಿಂದಲೇ ಎರಡನ್ನೂ ಬೆರೆಸಬಹುದು. ಯಾರ ಮುಷ್ಟಿ ಬರುತ್ತಿದೆಯೋ ಅವರ ತೋಳಿನ ಬಟ್ಟೆ ಹಿಡಿಯುವುದು ಎಷ್ಟು ಕಷ್ಟ ಎಂದು ಮಕ್ಕಳಿಗೂ ಬೇಗ ಗೊತ್ತಾಗಬೇಕು. ಇದನ್ನು ಅವರಿಗೂ ಹೇಳಿದ್ದೇನೆ.

ಮಕ್ಕಳಿಗೆ ಕತ್ತು ಒತ್ತುವ, ಮೊಣಕೈ ಮುರಿಯುವ ಹಿಡಿತಗಳನ್ನು ಇಲ್ಲಿ ಕಲಿಸುವುದಿಲ್ಲ. ಅದರಲ್ಲಿ ಮಾಸ್ಟರ್ ಬಿಲ್‌ಕುಲ್ ಬಗ್ಗುವುದಿಲ್ಲ, ಬಗ್ಗಲೂಬಾರದು. ಬೇಗ ಬೆಲ್ಟ್ ಬೇಕು, ಮೆಡಲ್ ಬೇಕು ಅನ್ನುವ ಪೋಷಕರಿಗೆ ಈ ಕ್ಲಾಸ್ ಹಿಡಿಸುವುದಿಲ್ಲ. ಒಂದು ವರ್ಷದಲ್ಲಿ ಎರಡು ಬೆಲ್ಟ್ ಸಿಕ್ಕರೆ ಹೆಚ್ಚು. ಮಗುವಿಗೆ ಸಿಟ್ಟು ಜಾಸ್ತಿ ಎಂದು ಕರಾಟೆಗೆ, ಮಗು ಪುಕ್ಕಲು ಎಂದು ಜುಡೋಗೆ ಅಂತೆಲ್ಲ ಆರಿಸಬೇಡಿ. ಸಿಟ್ಟಿನ ಹುಡುಗನಿಗೇ ಕುಝುಶಿ ಬೇಕು, ಎದುರಿನವರ ಭಾರ ಎಲ್ಲಿದೆ ಎಂದು ಕಾಯುವುದನ್ನು ಅವನು ಕಲಿಯಬೇಕು. ಹೆದರುವ ಹುಡುಗಿಗೇ ಮಕಿವಾರಾ ಬೇಕು, ತನ್ನ ಕೈಗೆ ಎಷ್ಟು ಬಲ ಇದೆ ಎಂದು ಅವಳಿಗೆ ಗೊತ್ತಾಗಬೇಕು. ನನ್ನ ಮಗಳ ವಿಷಯದಲ್ಲಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಸೇರುವ ಮೊದಲು ಒಂದು ಶನಿವಾರ ಸಂಜೆ ಐದೂವರೆಗೆ ಹೋಗಿ ಗೋಡೆ ಪಕ್ಕದ ಬೆಂಚಿನಲ್ಲಿ ಕೂತು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಎಸೆಯುವವರನ್ನು ನೋಡುವ ಬದಲು ಬೀಳುವವರನ್ನು ನೋಡಿ, ಗಲ್ಲ ಎದೆಗೆ ತಾಗಿದೆಯಾ, ಕೈ ಸರಿ ಬಡಿಯುತ್ತಿದೆಯಾ ಅಂತ. ಬೇರೆ ಯಾವ ಕ್ಲಾಸಿಗೆ ಹೋದರೂ ಇದನ್ನೇ ನೋಡಿ. ಮಂಡಿ, ಬೆನ್ನಿನ ತೊಂದರೆ ಇದ್ದರೆ ಡಾಕ್ಟರ್ ಹತ್ತಿರ ಮಾತಾಡಿ, ಮಾಸ್ಟರ್‌ಗೂ ಮೊದಲ ದಿನವೇ ತಿಳಿಸಿ. ಮಳೆಗಾಲದಲ್ಲಿ ಸೇರುವುದಾದರೆ ಎರಡು ಜೊತೆ ಬಟ್ಟೆ ಇಟ್ಟುಕೊಳ್ಳಿ. ಜುಡೋ ಬಟ್ಟೆ ದಪ್ಪ, ಜುಲೈನಲ್ಲಿ ಒಂದು ವಾರವಾದರೂ ಒಣಗುವುದಿಲ್ಲ.